ಯಾರು ಮಾಡಿದ್ದು?

ಬೆಂಗಳೂರಿನ ಸಿಂಗಸಂದ್ರದ ಒಳರಸ್ತೆಗಳಲ್ಲಿ ಸಂಜೆ ಹೊತ್ತು ನಡೆದು ಹೋದರೆ ಮನೆಪಾಠದ ಸದ್ದು ಕಿವಿಗೆ ಬೀಳುತ್ತದೆ. ಹತ್ತನೇ ಕ್ಲಾಸಿನ ಮಕ್ಕಳು ಚಾಪೆ ಮೇಲೆ ಕೂತು ಇಂಗ್ಲಿಷ್ ವ್ಯಾಕರಣ ಉರು ಹೊಡೆಯುತ್ತಿರುತ್ತಾರೆ. ಆಬ್ಜೆಕ್ಟನ್ನು ಮುಂದೆ ತನ್ನಿ, ಈಸ್ ಅಥವಾ ವಾಸ್ ಹಾಕಿ, ಕ್ರಿಯಾಪದದ ಮೂರನೇ ರೂಪ ಬರೆಯಿರಿ, ಬೈ ಸೇರಿಸಿ, ಸಬ್ಜೆಕ್ಟನ್ನು ಕೊನೆಗೆ ಕಳಿಸಿ. 'ರಾಮ ಕಿಲ್ಡ್ ರಾವಣ' ಹೋಗಿ 'ರಾವಣ ವಾಸ್ ಕಿಲ್ಡ್ ಬೈ ರಾಮ' ಬರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ಯಾಸಿವ್ ವಾಯ್ಸಿಗೆಂದು ಕೇಳುವ ಅಂಕ ಇಷ್ಟರಿಂದ ಸಿಕ್ಕಿಬಿಡುತ್ತದೆ. ವಾಕ್ಯವನ್ನು ಹೀಗೆ ತಿರುಗಿಸುವುದಾದರೂ ಯಾಕೆ ಎಂದು ಮಕ್ಕಳಿಗೆ ಹೇಳುವವರು ಕಡಿಮೆ. ನನಗೆ ಬೇಸರವಾಗುವುದು ಅದಕ್ಕೇ.

ಕನ್ನಡದ ಮಗುವಿಗೆ ಅದನ್ನು ಹೇಳಿಕೊಡುವುದು ಕಷ್ಟವೇನಲ್ಲ. ರಾಮ ರಾವಣನನ್ನು ಕೊಂದ, ರಾವಣನನ್ನು ರಾಮ ಕೊಂದ, ರಾವಣನನ್ನು ಕೊಂದದ್ದು ರಾಮ. ಹೇಗೆ ಹೇಳಿದರೂ ಕೊಂದವನು ಯಾರು, ಸತ್ತವನು ಯಾರು ಎಂಬುದು ಅದಲುಬದಲಾಗುವುದಿಲ್ಲ. 'ಅನ್ನು' ಎಂಬ ವಿಭಕ್ತಿ ಪ್ರತ್ಯಯ ಅದನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಪದ ಯಾವ ಜಾಗದಲ್ಲಿದೆ ಎಂಬುದರ ಮೇಲೆ ಅರ್ಥ ನಿಂತಿದೆ. ಎರಡು ಹೆಸರು ಜಾಗ ಬದಲಿಸಿದರೆ ರಾವಣನೇ ರಾಮನನ್ನು ಕೊಂದುಬಿಡುತ್ತಾನೆ. ರಾವಣನಿಂದ ಮಾತು ಶುರುಮಾಡಬೇಕೆಂದಾಗ ಇಂಗ್ಲಿಷಿನವರು ಕ್ರಿಯಾಪದವನ್ನೇ ತಿರುಗಿಸಬೇಕಾಯಿತು. ಇದನ್ನು ಐದು ನಿಮಿಷ ಬಿಡಿಸಿ ಹೇಳಿದರೆ ಸೂತ್ರ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.

ಅದರ ಬದಲು 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂಬ ವಾಕ್ಯವನ್ನು ಮುಂದಿಡುತ್ತೇವೆ. ಕರ್ಮಣಿ ಪ್ರಯೋಗವೆಂದು ಕನ್ನಡ ಪಾಠದಲ್ಲೂ ಅದೇ ಇದೆ. ಆದರೆ 'ಕಾಫಿ ನನ್ನಿಂದ ಕುಡಿಯಲ್ಪಟ್ಟಿತು' ಎಂದು ಯಾವ ಮನೆಯಲ್ಲೂ ಮಾತಾಡುವುದಿಲ್ಲ. ದ್ರಾವಿಡ ಭಾಷೆಗಳಿಗೆ ನಿಜವಾದ ಕರ್ಮಣಿ ರೂಪವಿಲ್ಲ, ಬೇರೆ ಕ್ರಿಯಾಪದಗಳ ನೆರವಿನಿಂದ ಅದನ್ನು ತುಂಬಿಕೊಳ್ಳುತ್ತವೆ ಎಂದು ಭಾಷಾವಿದ್ವಾಂಸ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲೇ ಬರೆದಿದ್ದರು. ಕನ್ನಡದ ಜಾಯಮಾನಕ್ಕೆ ಒಗ್ಗುವ ವ್ಯಾಕರಣ ಬೇಕೆಂದು ನಮ್ಮ ಕಾಲದಲ್ಲಿ ಡಿ.ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದು ವಾದಿಸಿದರು. ಮಗು ಆಡದ ಕನ್ನಡವನ್ನು ಮೆಟ್ಟಿಲಾಗಿಟ್ಟು ಇಂಗ್ಲಿಷಿಗೆ ಹತ್ತಿಸಲು ಹೋಗುತ್ತೇವೆ. ಆಡುವ ಕನ್ನಡವೋ ಪಕ್ಕದಲ್ಲೇ ಇದೆ.

ಕರೆಂಟ್ ತೆಗೆದಿದ್ದಾರೆ. ನೀರು ಬಿಟ್ಟಿದ್ದಾರೆ. ರಸ್ತೆ ಅಗೆದಿದ್ದಾರೆ. ತೆಗೆದವರು, ಬಿಟ್ಟವರು, ಅಗೆದವರು ಯಾರೆಂದು ನಾವು ಹೇಳುವುದಿಲ್ಲ, ಕೇಳುವವರಿಗೂ ಬೇಕಿಲ್ಲ. ಇಂಗ್ಲಿಷ್ ಇಂಥ ಕಡೆಯೇ ಪ್ಯಾಸಿವ್ ಬಳಸುತ್ತದೆ: 'ದಿ ರೋಡ್ ಹ್ಯಾಸ್ ಬೀನ್ ಡಗ್ ಅಪ್.' ಸಿಂಗಸಂದ್ರದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ? ಹೊಸೂರು ರಸ್ತೆಯ ಮೇಲೆ ಕಂಬಗಳು ಏಳುವುದನ್ನು ನೋಡುತ್ತಲೇ ಅವರು ಬೆಳೆದರು. 'ಮೆಟ್ರೋ ಕಟ್ತಾ ಇದ್ದಾರೆ' ಎಂದು ವರ್ಷಗಟ್ಟಲೆ ಹೇಳಿದರು: 'ಈಸ್ ಬೀಯಿಂಗ್ ಬಿಲ್ಟ್'. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಉದ್ಘಾಟನೆಯಾಯಿತು, ಸಿಂಗಸಂದ್ರಕ್ಕೂ ಒಂದು ನಿಲ್ದಾಣ ಬಂತು. 'ಕಟ್ಟಿದ್ದಾರೆ' ಎಂದರು: 'ಹ್ಯಾಸ್ ಬೀನ್ ಬಿಲ್ಟ್'. ಕಾಲದ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಗೀಟು ಎಳೆದು ತೋರಿಸುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಆದರೆ ಮಾಡಿದವರನ್ನು ಬಿಟ್ಟುಬಿಡುವುದು ಎಲ್ಲ ಕಡೆಯೂ ಒಂದೇ ಅಲ್ಲ. ಈ ಭಾಗದ ಎಷ್ಟೋ ಮಕ್ಕಳ ತಾಯಂದಿರು ಹೊಸೂರು ರಸ್ತೆಯ ಆಸುಪಾಸಿನ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬೆಳಗ್ಗೆ ಬೇಗನೆ ಡಬ್ಬಿ ಕಟ್ಟಿಕೊಂಡು ಹೊರಟವರು ದಿನವಿಡೀ ಮಷಿನ್ ಮುಂದೆ ಕೂತು ಕಾಲರ್, ತೋಳು, ಪಟ್ಟಿ ಹೊಲಿಯುತ್ತಾರೆ. ಶರ್ಟಿನ ಒಳಗೆ 'ಮೇಡ್ ಇನ್ ಇಂಡಿಯಾ' ಎಂಬ ಪುಟ್ಟ ಲೇಬಲ್ಲನ್ನೂ ಅವರಲ್ಲೊಬ್ಬರು ಹೊಲಿದಿರುತ್ತಾರೆ. ಅದೂ ಒಂದು ಪ್ಯಾಸಿವ್ ವಾಕ್ಯದ ತುಂಡು. ಸರಕು ಯಾವ ದೇಶದ್ದೆಂದು ಅದರ ಮೇಲೆ ನಮೂದಿಸುವ ಈ ಪದ್ಧತಿ ಬಲಗೊಂಡದ್ದು ಬ್ರಿಟನ್ನಿನ 1887ರ ಕಾನೂನಿನಿಂದ. ಜರ್ಮನಿಯ ಅಗ್ಗದ ಸಾಮಾನನ್ನು ಗುರುತಿಸಲು ಬ್ರಿಟಿಷರಿಗೆ ಅದು ಬೇಕಿತ್ತು. ಲೇಬಲ್ ದೇಶದ ಹೆಸರು ಹೇಳುತ್ತದೆ, ಹೊಲಿದ ಕೈಯನ್ನು ಹೇಳುವುದಿಲ್ಲ. ಹತ್ತನೇ ಕ್ಲಾಸಿನ ಹುಡುಗಿಗೆ ಆ ಲೇಬಲ್ ತೋರಿಸಿ, 'ಬೈ ಹೂಮ್? ಪೂರ್ತಿ ಮಾಡು' ಎಂದು ಕೇಳಬೇಕು. ಅವಳು ಬರೆಯುವ ಉತ್ತರದಲ್ಲಿ ಅವಳ ಅಮ್ಮ ಬರುತ್ತಾಳೆ.

ಇನ್ನೊಂದು ವಾಕ್ಯವೂ ಈ ರಸ್ತೆಯದ್ದೇ. 2016ರ ಫೆಬ್ರುವರಿಯಲ್ಲಿ ಭವಿಷ್ಯನಿಧಿಯ ನಿಯಮ ಬದಲಾಯಿತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಅಧಿಸೂಚನೆ ಹೊರಟಿತು. ಮಗಳ ಮದುವೆಗೋ ಊರಿನ ಸಾಲಕ್ಕೋ ಆ ದುಡ್ಡನ್ನೇ ನಂಬಿಕೊಂಡಿದ್ದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಗೆ ಇಳಿದರು. ಸಾವಿರಾರು ಜನ, ವಾಹನಗಳು ನಿಂತಲ್ಲೇ ನಿಂತವು. ಮಾರನೆಯ ದಿನ ಪ್ರತಿಭಟನೆ ನಗರದ ಬೇರೆ ಕಡೆಗೂ ಹಬ್ಬಿತು, ಹಿಂಸಾಚಾರವೂ ನಡೆಯಿತು. ಅದೇ 19ರಂದು ಕೇಂದ್ರ ಸರ್ಕಾರ ನಿಯಮ ಕೈಬಿಟ್ಟಿತು.

ಇದನ್ನು 'ಅಧಿಸೂಚನೆಯನ್ನು ಹಿಂಪಡೆಯಲಾಯಿತು' ಎಂದು ಬರೆದು ಮುಗಿಸಬಹುದು, ವ್ಯಾಕರಣದಲ್ಲಿ ತಪ್ಪಿಲ್ಲ. ಬೊಮ್ಮನಹಳ್ಳಿಯಲ್ಲಿ ಕೇಳಿದರೆ 'ನಾವು ವಾಪಸ್ ತೆಗೆಸಿದ್ವಿ' ಎನ್ನುತ್ತಾರೆ. ಮನೆಪಾಠದ ಮೇಷ್ಟ್ರುಗಳು, ಮೇಡಮ್ಮುಗಳು ರಾಮ ರಾವಣರನ್ನು ಒಂದು ದಿನ ಬದಿಗಿಟ್ಟು ಈ ಎರಡೂ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆಯಲಿ. ಎರಡನ್ನೂ ಮಕ್ಕಳು ಇಂಗ್ಲಿಷಿಗೆ ತರಲಿ, ಯಾವುದರಲ್ಲಿ ಯಾರು ಕಾಣುತ್ತಾರೆ, ಯಾರು ಕಾಣುವುದಿಲ್ಲ ಎಂದು ಅವರೇ ಹೇಳಲಿ. ಆ ಕ್ಲಾಸಿನಲ್ಲಿ ಪಿ.ಎಫ್. ಎಂದರೇನು ಎಂದು ಕೇಳುವ ಮಕ್ಕಳೂ ಇರುತ್ತಾರೆ, ಅದನ್ನೂ ಹೇಳಿಕೊಡಬೇಕು.