ಕಾಡಿನ ಪರ ವಾದಿಸುವ ಅರ್ಹತೆ

ಕಾಡಿಗೆ ಬಾಯಿಲ್ಲ, ನ್ಯಾಯಾಲಯದಲ್ಲಿ ಅದರ ಪರ ನಿಲ್ಲುವ ಅರ್ಹತೆ ಯಾರದು? ಪಟ್ಟಾ ಇದ್ದವನದೇ ಎಂದು ಸುಲಭವಾಗಿ ಹೇಳಿಬಿಡಬಹುದು. ಹುಣಸೂರು, ಎಚ್.ಡಿ. ಕೋಟೆ, ಕೊಡಗಿಗೆ ಹಬ್ಬಿದ ನಾಗರಹೊಳೆಯಲ್ಲಿ ಬೇರೆಯೇ ಉತ್ತರ ಸಿಕ್ಕಿತು. ತಾಜ್ ಸಮೂಹದ ರೆಸಾರ್ಟಿಗೆ ಸರ್ಕಾರ ಅರಣ್ಯಭೂಮಿಯನ್ನು ಗುತ್ತಿಗೆ ಕೊಟ್ಟಾಗ ಹೈಕೋರ್ಟಿಗೆ ಹೋದದ್ದು ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ. ಕೇಂದ್ರದ ಅನುಮತಿಯಿಲ್ಲದ ಆ ಗುತ್ತಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು 1997ರಲ್ಲಿ ತೀರ್ಪಾಯಿತು. ಅಲ್ಲಿನ ಬುಡಕಟ್ಟಾದ ಜೇನುಕುರುಬರ ಕೈಯಲ್ಲಿ ಆ ನೆಲದ ಖಾತೆ ಇರಲಿಲ್ಲ; ಅವರ ದೇವರುಗಳು, ಹಿರಿಯರ ಸಮಾಧಿಗಳು ಆ ಕಾಡಿನಲ್ಲಿದ್ದವು. ಒಡೆತನಕ್ಕಿಂತ ಮೊದಲು ಅರ್ಹತೆ ಕೊಡುವುದು ಋಣ ಎಂದೇ ನನ್ನ ವಾದ.

ಋಣದ ಹೆಸರಿನಲ್ಲಿ ಯಾರು ಬೇಕಾದರೂ ದಾವೆ ಹೂಡಬಹುದಲ್ಲ ಎಂಬ ಆಕ್ಷೇಪ ಹಗುರವಲ್ಲ. ವನ್ಯಜೀವಿ ಸಂಘಟನೆಗಳು ಹೂಡಿದ ಮೊಕದ್ದಮೆಯಲ್ಲೇ 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಅರಣ್ಯಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಲು ಆದೇಶಿಸಿ, 28ರಂದು ತಾನೇ ತಡೆಹಿಡಿಯಿತು. ಇದು ನ್ಯಾಯಾಲಯದ ಬಾಗಿಲನ್ನು ಕಿರಿದು ಮಾಡಲು ಕಾರಣವಾಗದು. ಹಾಡಿಯವರ ಮಾತು ಕೇಳದೆ ಕಾಡಿನ ಬಗ್ಗೆ ಆದೇಶ ಹೊರಡಬಾರದು ಎನ್ನಲು ಕಾರಣ. ಬಾಗಿಲು ಇರುವುದೇನೋ ಸರಿ, ಅದು ಎಲ್ಲಿದೆ? ಪರಿಸರದ ಮೊಕದ್ದಮೆ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿ. ಕೂಲಿ ಬಿಟ್ಟು ಎಚ್.ಡಿ. ಕೋಟೆಯಿಂದ ಅಲ್ಲಿಗೆ ಹೋಗುವವರಾರು? ಸಂಚಾರಿ ಪೀಠಕ್ಕೆ ಆ ನ್ಯಾಯಮಂಡಳಿಯ 2010ರ ಕಾಯ್ದೆಯಲ್ಲೇ ಅವಕಾಶವಿದೆ. ಅದು ಮೈಸೂರಿನಲ್ಲೂ ಕೂರಲಿ.