ಮೂರು ಊಟದ ಆಯುಷ್ಯ

ಉಣುಗು ಹುಟ್ಟುವಾಗ ಅದಕ್ಕೆ ಆರೇ ಕಾಲು. ಮೊಟ್ಟೆಯೊಡೆದು ಬಂದ ಮರಿ ಯಾವುದೋ ಇಲಿಯನ್ನೋ ನೆಲದ ಹಕ್ಕಿಯನ್ನೋ ಹಿಡಿದು, ಹೊಟ್ಟೆ ತುಂಬ ರಕ್ತ ಕುಡಿದು ಕೆಳಗುದುರುತ್ತದೆ. ಪೊರೆ ಕಳಚಿ ಎದ್ದಾಗ ಎಂಟು ಕಾಲು ಮೂಡಿರುತ್ತವೆ. ಜೇಡ, ಚೇಳುಗಳ ಬಂಧು ಎಂಬುದು ಆಗ ಮೈಮೇಲೆಯೇ ಕಾಣುತ್ತದೆ. ಎರಡನೆಯ ಊಟಕ್ಕೆ ಮಂಗವೋ ಅಳಿಲೋ ಸಿಗಬೇಕು, ಇಲ್ಲವೇ ಮನುಷ್ಯ. ಮೂರನೆಯದು ಹೆಚ್ಚಾಗಿ ದನದ ಮೈಮೇಲೆ. ಅಷ್ಟಾದ ಮೇಲೆ ಹೆಣ್ಣು ರಾಶಿ ಮೊಟ್ಟೆಯಿಟ್ಟು ಸಾಯುತ್ತದೆ. ಇಡೀ ಆಯುಷ್ಯಕ್ಕೆ ಮೂರು ಊಟ, ಉಳಿದದ್ದೆಲ್ಲ ಕಾಯುವುದು.

ಆ ಕಾಯುವಿಕೆಯನ್ನು ಹತ್ತಿರದಿಂದ ನೋಡಬೇಕು. ಮಳೆಗಾಲ ಕಳೆದು, ಅಡಿಕೆ ಕೊಯ್ಲು ಸಾಗಿರುವ ಹೊತ್ತಿಗೆ ಸೊರಬದ ಕಾನಿನಲ್ಲಿ ದರಕು ಉದುರತೊಡಗುತ್ತದೆ. ಒಣಗಿದ ಎಲೆಯ ತುದಿಯಲ್ಲಿ, ಸಾಸಿವೆಗಿಂತ ಚಿಕ್ಕದೊಂದು ಕಂದು ಚುಕ್ಕೆ. ಹಿಂಗಾಲುಗಳಲ್ಲಿ ಎಲೆಯನ್ನು ಬಿಗಿಹಿಡಿದು ಮುಂದಿನ ಜೋಡಿಯನ್ನು ಗಾಳಿಗೆ ಚಾಚಿಕೊಂಡಿರುತ್ತದೆ. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಈ ಜಾತಿಗೆ ಕಣ್ಣೇ ಇಲ್ಲ. ಚಾಚಿದ ಮುಂಗಾಲುಗಳಲ್ಲೇ ಒಂದು ಪುಟ್ಟ ಕುಳಿಯಿದ್ದು, ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ವಾಸನೆಯನ್ನೂ ಬಿಸಿಯನ್ನೂ ಅದು ಗ್ರಹಿಸುತ್ತದೆ. ದರಕು ಗುಡಿಸಲು ಬಂದ ಹೆಂಗಸು ಬಾಗಿ ಉಸಿರು ಬಿಟ್ಟಳೆಂದರೆ ಆ ಉಸಿರೇ ಅದಕ್ಕೆ ಕರೆ. ಸೀರೆಯ ಅಂಚು ತಾಗಿದ್ದೇ ತಡ, ಹಿಡಿದುಕೊಳ್ಳುತ್ತದೆ. ಕಚ್ಚಿದ್ದು ಎಷ್ಟೋ ವೇಳೆ ಗೊತ್ತೇ ಆಗುವುದಿಲ್ಲ.

ಇದನ್ನು ಬೆರಗಿನಿಂದ ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಈ ಸೀಮೆಯಲ್ಲಿ ಉಣುಗು ಬರಿಯ ಕೌತುಕದ ವಸ್ತುವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸಾಲಾಗಿ ಸತ್ತು ಬೀಳತೊಡಗಿದವು. ಕಾಡಂಚಿನ ಊರುಗಳಲ್ಲಿ ಜನ ವಿಪರೀತ ಜ್ವರ, ತಲೆನೋವು, ಮೈಕೈ ನೋವೆಂದು ಮಲಗಿದರು. ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಸತ್ತ ಮಂಗದಲ್ಲಿ ಅವರಿಗೆ ಸಿಕ್ಕಿದ್ದು ಜಗತ್ತು ಅದುವರೆಗೆ ಕಾಣದಿದ್ದ ವೈರಸ್. ಹರಡುವುದು ಸೊಳ್ಳೆಯಲ್ಲ, ಉಣುಗು ಎಂಬುದೂ ಬೇಗ ಖಚಿತವಾಯಿತು. ಆ ವರ್ಷ 466 ಮಂದಿಗೆ ಕಾಯಿಲೆ, ಮರುವರ್ಷ 181 ಮಂದಿಗೆ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಮೊದಲ ಹದಿನೈದು ವರ್ಷ ಇದು ಸೊರಬ, ಶಿಕಾರಿಪುರ, ಸಾಗರ ಎಂಬ ಮೂರು ತಾಲ್ಲೂಕುಗಳ ದುಃಖವಾಗಿಯೇ ಇತ್ತು.

ಆದರೂ ಬೆರಗನ್ನು ಬಿಟ್ಟುಕೊಡಲು ನಾನು ಒಪ್ಪುವುದಿಲ್ಲ. ಕಾರಣವಿದೆ. ಮಂಗ ಸತ್ತಾಗ ಅದರ ಮೈ ತಣ್ಣಗಾಗುತ್ತದೆ. ಬಿಸಿಯನ್ನೇ ನಂಬಿ ಬಂದ ಉಣುಗುಗಳು ಆ ತಣ್ಣನೆಯ ಮೈಯಲ್ಲಿ ನಿಲ್ಲವು. ಒಂದೊಂದೇ ಇಳಿದು ಸುತ್ತಲಿನ ದರಕಿಗೆ ಸೇರುತ್ತವೆ. ರಕ್ತದ ಜೊತೆ ವೈರಸ್ಸನ್ನೂ ಕುಡಿದ ಮರಿ ಪೊರೆ ಕಳಚಿ ದೊಡ್ಡದಾದರೂ ವೈರಸ್ ಅದರೊಳಗೇ ಉಳಿದು, ಮುಂದಿನ ಊಟಕ್ಕೆ ಸಿಕ್ಕವರಿಗೆ ದಾಟುತ್ತದೆ. ಕೂದಲೆಳೆಯಷ್ಟು ಸಪೂರ ಕಾಲಿನ ಜೀವವೊಂದು ಸಾವಿನ ತಣ್ಪನ್ನು ಗುರುತಿಸಿ ಹೊರಡುವುದು ನನಗೆ ಅಚ್ಚರಿ. ಸತ್ತ ಮಂಗದ ಸುತ್ತಮುತ್ತ ಸುಳಿಯಬೇಡಿ, ಕೂಡಲೇ ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳುವುದರ ಹಿಂದೆ ಇರುವುದೂ ಇದೇ ವಿವರ. ಅಚ್ಚರಿಯೂ ಎಚ್ಚರವೂ ಇಲ್ಲಿ ಒಂದೇ ಕಡೆಯಿಂದ ಬರುತ್ತವೆ: ಯಾರೋ ಕೂತು, ಬಾಗಿ, ಬಹಳ ಹೊತ್ತು ನೋಡಿದ್ದರಿಂದ.

ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಗೋಡೆಯ ಮೇಲೊಂದು ಜಿಗಿಯುವ ಜೇಡವನ್ನು ನಾನು ಹಾಗೆಯೇ ನೋಡುತ್ತ ನಿಂತಿದ್ದೆ. ಬೆರಳು ಸರಿಸಿದರೆ ಅದೂ ತಿರುಗಿ ಬೆರಳನ್ನೇ ನೋಡುತ್ತಿತ್ತು. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ದೊಡ್ಡವು. ಅವುಗಳ ಮಸೂರ ಅಲ್ಲಾಡುವುದಿಲ್ಲ, ಒಳಗಿನ ಅಕ್ಷಿಪಟವೇ ಸರಿದಾಡಿ ನೋಟ ತಿರುಗಿಸುತ್ತದೆ. ಅದು ಬಲೆ ನೇಯ್ದು ಕಾಯುವುದಲ್ಲ, ಹೊಂಚಿ ಹಾರಿ ಹಿಡಿಯುವುದು. ಆ ಜಿಗಿತದ ಬಲ ಬರುವುದು ಮೈಯೊಳಗಿನ ದ್ರವದ ಒತ್ತಡದಿಂದ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಿಸಲು ಸ್ನಾಯುವಿದೆ, ಚಾಚಲು ಇಲ್ಲ. ದ್ರವ ನುಗ್ಗಿದಾಗ ಕಾಲು ನೆಟ್ಟಗಾಗುತ್ತದೆ. ಸತ್ತ ಜೇಡ ಕಾಲು ಮುದುರಿಕೊಂಡು ಬಿದ್ದಿರುವುದೂ ಇದಕ್ಕೇ, ತಳ್ಳುವ ಒತ್ತಡ ನಿಂತುಹೋಗಿರುತ್ತದೆ.

ಚೇಳಿನದ್ದು ಇನ್ನೊಂದು ಬಗೆ. ಮೊಟ್ಟೆಯಿಡದೆ ಮರಿಯನ್ನೇ ಹೆರುತ್ತದೆ. ಬೆಳ್ಳನೆಯ ಮೆತ್ತನೆಯ ಮರಿಗಳು ತಾಯಿಯ ಬೆನ್ನೇರಿ, ಮೊದಲ ಪೊರೆ ಬಿಡುವವರೆಗೆ ಅಲ್ಲೇ ಒತ್ತೊತ್ತಾಗಿ ಕೂತಿರುತ್ತವೆ. ತಲೆಯ ಮೇಲೆ ಕೊಂಡಿ ಎತ್ತಿಕೊಂಡೇ ಆಕೆ ನಡೆಯುತ್ತಾಳೆ. ಗಾತ್ರ ನೋಡಿ ನಾವು ಬೆಚ್ಚುವುದು ಕಾಡಿನ ದಪ್ಪ ಕರಿಚೇಳಿಗೆ. ಜೀವಕ್ಕೆ ಹೆಚ್ಚು ಅಪಾಯ ಕಲ್ಲಿನಡಿ, ಸೌದೆ ರಾಶಿಯಲ್ಲಿರುವ ಸಣಕಲು ಕೆಂಚೇಳಿನಿಂದ, ಅದರಲ್ಲೂ ಮಕ್ಕಳಿಗೆ. ರಾಯಗಡದ ಮಹಾಡ್ ಎಂಬ ಸಣ್ಣ ಊರಿನಲ್ಲಿ ವೈದ್ಯ ಹಿಮ್ಮತರಾವ್ ಬಾವಸ್ಕರ್ ಕೆಂಚೇಳು ಕುಟುಕಿದ ರೋಗಿಗಳ ಪಕ್ಕದಲ್ಲೇ ಕೂತು ಗಮನಿಸಿ, ರಕ್ತದೊತ್ತಡದ ಪ್ರಾಜೋಸಿನ್ ಮಾತ್ರೆಯಿಂದ ಹೃದಯವನ್ನು ಉಳಿಸಬಹುದೆಂದು ತೋರಿಸಿದರು. ಎಷ್ಟು ಮನೆಗಳ ದೀಪ ಉಳಿಯಿತೋ!

ಉಣುಗಿಗೆ ನಮ್ಮ ಮೇಲೆ ಹಗೆಯಿಲ್ಲ. ಅದರ ಲೆಕ್ಕದಲ್ಲಿ ಮನುಷ್ಯ ಸಿಗುವುದು ಆಕಸ್ಮಿಕ; ವೈರಸ್ಸಿಗೂ ನಮ್ಮಿಂದ ಮುಂದೆ ದಾರಿಯಿಲ್ಲ. ಕಾಡು ಕಡಿದು ಅಂಚು ಹೆಚ್ಚಾದಂತೆ, ದನಗಳ ಮೇವು ಕಾನಿನೊಳಕ್ಕೆ ಚಾಚಿದಂತೆ ಉಣುಗಿನ ಮೂರನೆಯ ಊಟ ಸಲೀಸಾಯಿತು ಎಂದು ತಜ್ಞರು ಹೇಳುತ್ತ ಬಂದಿದ್ದಾರೆ. ಹಾಗೆಂದು ಸೊಪ್ಪಿಗೆ, ದರಕಿಗೆ, ಸೌದೆಗೆ ಹೋಗುವವರನ್ನು ದೂರುವುದು ಅನ್ಯಾಯ. ಗೊಬ್ಬರವಿಲ್ಲದೆ ತೋಟವಿಲ್ಲ, ಸೌದೆಯಿಲ್ಲದೆ ಒಲೆಯಿಲ್ಲ.

ಈ ವೈರಸ್ ರಷ್ಯಾದ ಉಣುಗು ಜ್ವರದ ಬಳಗದ್ದೆಂದು ತಿಳಿದಾಗ, ವಲಸೆ ಹಕ್ಕಿಗಳು ಅದನ್ನು ಹೊತ್ತು ತಂದವೇ ಎಂಬ ಪ್ರಶ್ನೆಯೂ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಕೈಗೊಂಡರು. ಹಕ್ಕಿಗಳೇ ತಂದವೆಂಬುದು ಸಾಬೀತಾಗಲಿಲ್ಲ. ಆದರೆ ಭಾರತಕ್ಕೆ ಬಂದುಹೋಗುವ ಹಕ್ಕಿಗಳ ಹಾದಿ ಬೆಳಕಿಗೆ ಬಂತು. ಕ್ಯಾಸನೂರಿನ ಒಂದು ಸಾಸಿವೆಗಾತ್ರದ ಜೀವವನ್ನು ಹಿಂಬಾಲಿಸಿ ಹೊರಟ ಕಣ್ಣು ಸೈಬೀರಿಯಾದ ಆಕಾಶದವರೆಗೆ ಹೋಯಿತು.

ಮಂಗನ ಕಾಯಿಲೆಗೆ ಹಲವು ವರ್ಷ ಕೊಡುತ್ತಿದ್ದ ಲಸಿಕೆಯನ್ನು ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಈಗ ನಿಲ್ಲಿಸಿದ್ದಾರೆ. ಹೊಸದರ ಕೆಲಸ ನಡೆದಿದೆ. ಅದು ಬೇಗ ಬರಬೇಕು, ಕಾಡಂಚಿನವರ ಕೈಗೆ ಮೊದಲು ಸಿಗಬೇಕು. ಸದ್ಯಕ್ಕಿರುವುದು ಮೈಗೆ ಹಚ್ಚುವ ಡೆಪಾ ಎಣ್ಣೆ, ಮೈ ಮುಚ್ಚುವ ಬಟ್ಟೆ, ಕಾಡಿನಿಂದ ಬಂದೊಡನೆ ಬಿಸಿನೀರಿನ ಸ್ನಾನ. ಸೀಸನ್ ಶುರುವಾದರೆ ಆರೋಗ್ಯ ಇಲಾಖೆಯವರು ಬಿಳಿ ಬಟ್ಟೆಯನ್ನು ದರಕಿನ ಮೇಲೆ ಎಳೆಯುತ್ತ ನಡೆಯುತ್ತಾರೆ. ಅಂಟಿದ ಉಣುಗುಗಳನ್ನು ಸೀಸೆಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಯಾವ ಕಾಡಿನ ಸೀಸೆಯಲ್ಲಿ ವೈರಸ್ ಕಂಡಿತೋ ಆ ಊರಿನವರಿಗೆ, ಜ್ವರ ಬರುವ ಮೊದಲೇ ಸುದ್ದಿಯೂ ಎಣ್ಣೆಯೂ ತಲುಪಬಹುದು.