ನಾಳೆಯ ಹೆಪ್ಪು

ಚಳಿಗಾಲದ ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟರೆ ಬೆಳಿಗ್ಗೆಯೂ ಅದು ಹಾಲಾಗಿಯೇ ಇರುವುದು ಮಡಿಕೇರಿ, ಚಿಕ್ಕಮಗಳೂರಿನ ಅಡುಗೆಮನೆಗಳಿಗೆ ಹೊಸತಲ್ಲ. ಡಿಸೆಂಬರಿನ ಬೆಂಗಳೂರಿನಲ್ಲೂ ಇದೇ ಪಾಡು. ಪಾತ್ರೆಗೆ ದಪ್ಪ ಬಟ್ಟೆ ಸುತ್ತಿಡುವುದು, ಅಕ್ಕಿ ಡಬ್ಬದೊಳಗೆ ಹೂತಿಡುವುದು, ಒಲೆಯ ಪಕ್ಕದ ಬೆಚ್ಚನೆಯ ಮೂಲೆ ಹುಡುಕುವುದು ಎಲ್ಲವೂ ಇದಕ್ಕಾಗಿ ಕಂಡುಕೊಂಡ ಉಪಾಯಗಳೇ. ಹಿಮ ಬೀಳುವ ಊರುಗಳಿಗೆ ಹೋಗಿ ನೆಲೆಸಿದ ಕನ್ನಡಿಗರು ಓವನ್ನಿನ ದೀಪ ಹೊತ್ತಿಸಿ, ಅದರ ಕಾವಿನಲ್ಲಿ ಮೊಸರು ಮಾಡಿಕೊಳ್ಳುತ್ತಾರೆ. ಇದೇ ಕೆಲಸಕ್ಕೆಂದು ಈಗ ವಿದ್ಯುತ್ತಿನ ಯೋಗರ್ಟ್ ಮೇಕರ್ ನಮ್ಮ ಮನೆಗಳಿಗೂ ಬಂದಿದೆ.

ಅದರ ರಚನೆ ಬಲು ಸರಳ. ತಳದಲ್ಲೊಂದು ಸಣ್ಣ ಹೀಟರ್, ಅದರ ಮೇಲೆ ಪಾತ್ರೆ ಅಥವಾ ಗಾಜಿನ ಲೋಟಗಳು, ಮೇಲೊಂದು ಮುಚ್ಚಳ. ಸುಮಾರು 40ರಿಂದ 45 ಡಿಗ್ರಿ ಸೆಲ್ಸಿಯಸ್ ಕಾವನ್ನು ಆರೆಂಟು ಗಂಟೆ ಹಾಗೇ ಹಿಡಿದಿಡುವುದಷ್ಟೇ ಅದರ ಕೆಲಸ. ಉಳಿದದ್ದೆಲ್ಲ ನಮ್ಮ ಕೈಯಲ್ಲೇ ಆಗಬೇಕು. ಮೊದಲು ಹಾಲನ್ನು ಚೆನ್ನಾಗಿ ಕಾಯಿಸಬೇಕು. 80-85 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಕಾದಾಗ ಹಾಲಿನ ತಿಳಿಯಲ್ಲಿರುವ ಪ್ರೋಟೀನುಗಳು ಬಿಚ್ಚಿಕೊಂಡು ಕೇಸೀನ್ ಎಂಬ ಇನ್ನೊಂದು ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಮೊಸರು ಗಟ್ಟಿಯಾಗಿ, ನೀರೊಡೆಯದೆ ನಿಲ್ಲುವುದು ಇದರಿಂದಲೇ. ಆಮೇಲೆ ಬೆರಳಿಟ್ಟರೆ ಹಿತವೆನಿಸುವಷ್ಟು ಬೆಚ್ಚಗಾಗುವ ತನಕ ಆರಿಸಬೇಕು. ಕುದಿ ಇಳಿಯದ ಹಾಲಿಗೆ ಹಾಕಿದ ಹೆಪ್ಪು ಸತ್ತೇಹೋಗುತ್ತದೆ. ಒಂದು ಚಮಚ ಹೆಪ್ಪನ್ನು ಸ್ವಲ್ಪ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಅದನ್ನು ಉಳಿದ ಹಾಲಿಗೆ ಬೆರೆಸಿ ಮುಚ್ಚಿಟ್ಟ ಮೇಲೆ ಪಾತ್ರೆಯನ್ನು ಅಲುಗಿಸಬಾರದು. ಕೂಡಿಕೊಳ್ಳುತ್ತಿರುವ ಪ್ರೋಟೀನಿನ ಬಲೆ ಅಲುಗಾಟಕ್ಕೆ ಹರಿದರೆ ತಿಳಿನೀರು ಬೇರೆ, ಮೊಸರು ಬೇರೆಯಾಗುತ್ತದೆ.

ಇಷ್ಟರಲ್ಲಿ ಯಂತ್ರದ ಪಾಲು ಕಾವು ಮಾತ್ರ. ಹಾಲನ್ನು ಮೊಸರಾಗಿಸುವುದು ಹೆಪ್ಪಿನಲ್ಲಿರುವ ಜೀವಾಣುಗಳು. ಈ ಕಾವಿಗೆ ಚೆನ್ನಾಗಿ ಒಗ್ಗುವ ಎರಡರಲ್ಲಿ ಒಂದು ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್, ಇನ್ನೊಂದು ಲ್ಯಾಕ್ಟೊಬ್ಯಾಸಿಲಸ್ ಬಲ್ಗೇರಿಕಸ್. ಮೊದಲಿನದು ಎರಡನೆಯದಕ್ಕೆ ಬೇಕಾದ ಫಾರ್ಮಿಕ್ ಆಮ್ಲವನ್ನು ಕೊಟ್ಟರೆ, ಎರಡನೆಯದು ಹಾಲಿನ ಪ್ರೋಟೀನನ್ನು ಒಡೆದು ಮೊದಲಿನದಕ್ಕೆ ಆಹಾರ ಒದಗಿಸುತ್ತದೆ. ಎರಡೂ ಸೇರಿ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಹುಳಿ ಹದಕ್ಕೆ ಬಂದಾಗ ಮೊಸರು ಕಟ್ಟುತ್ತದೆ. ನಮ್ಮ ಮನೆಗಳ ಹೆಪ್ಪಿನಲ್ಲಿ 25-30 ಡಿಗ್ರಿಯ ಹದ ಬಯಸುವ ಲ್ಯಾಕ್ಟೊಕಾಕಸ್ ಬಳಗವೂ ಇರುವುದುಂಟು. ಸದಾ ಯಂತ್ರದ ಕಾವಿನಲ್ಲೇ ಹೆಪ್ಪುಗಟ್ಟಿಸುತ್ತ ಹೋದರೆ ಈ ಬಳಗ ಹಿಂದೆ ಬೀಳುತ್ತದೆ, ಮೊಸರಿನ ರುಚಿಯೂ ಮೆಲ್ಲಗೆ ಬದಲಾಗುತ್ತದೆ. ಮನೆಮೊಸರಿನ ಹಳೆಯ ರುಚಿ ಬೇಕೆನ್ನುವವರು ಬೇಸಿಗೆಯಲ್ಲಿ ಯಂತ್ರಕ್ಕೆ ಬಿಡುವು ಕೊಡುವುದೇ ಒಳ್ಳೆಯದು.

ಬಲ್ಗೇರಿಕಸ್ ಜೀವಾಣುವನ್ನು 1905ರಲ್ಲಿ ಗುರುತಿಸಿದವನು ಸ್ಟಾಮೆನ್ ಗ್ರಿಗೊರೊವ್. ಜಿನೀವಾದಲ್ಲಿ ವೈದ್ಯಕೀಯ ಓದುತ್ತಿದ್ದ ಬಲ್ಗೇರಿಯಾದ ಈ ಯುವಕ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದು ತನ್ನ ನಾಡಿನ ಮೊಸರನ್ನೇ. ಅವನ ಕಣ್ಣಿಗೆ ಬೀಳುವ ತನಕ ಆ ಜೀವಾಣುವನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದದ್ದು ಮನೆಮನೆಯ ಒಂದೇ ಒಂದು ರೂಢಿ. ಮೊಸರು ತಿಂದು ಮುಗಿಸುವ ಮುನ್ನ ಒಂದು ಚಮಚ ತೆಗೆದಿಡುವ ರೂಢಿ ಅದು.

ಈ ರೂಢಿಯ ಬಗ್ಗೆ ನನಗೆ ದೊಡ್ಡ ಗೌರವವಿದೆ. ಮನೆಗೆ ನಾಲ್ಕು ಜನ ಹೆಚ್ಚಿಗೆ ಬಂದರೂ, ಮೊಸರು ಸಾಲದೆ ಹೋದರೂ ಗೃಹಿಣಿ ಬಟ್ಟಲ ತಳದ ಆ ಒಂದಿಷ್ಟನ್ನು ಮುಟ್ಟಗೊಡುವುದಿಲ್ಲ. ರೈತ ಬಿತ್ತನೆಯ ಕಾಳನ್ನು ಊಟದ ಕಾಳಿನೊಡನೆ ಬೆರೆಸದಂತೆಯೇ ಇದು. ಇಷ್ಟು ಎಚ್ಚರವಿದ್ದೂ ಹೆಪ್ಪು ಮುಗಿದುಹೋದರೆ ಪಕ್ಕದ ಮನೆಯ ಬಾಗಿಲು ತಟ್ಟಲು ಯಾರೂ ನಾಚುವುದಿಲ್ಲ. ಕೊಟ್ಟವರಿಗೆ ಕಳೆದುಹೋಗುವುದು ಒಂದು ಚಮಚ, ಪಡೆದವರಿಗೆ ದಕ್ಕುವುದು ದಿನದಿನದ ಮೊಸರು. ಹೆಪ್ಪು ಎಲ್ಲೂ ಸಿಗದಾಗ ಒಣಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಹಾಲಿಗೆ ಹಾಕುವವರಿದ್ದಾರೆ. ಅಲ್ಲೂ ಕೆಲಸ ಮಾಡುವುದು ತೊಟ್ಟಿನ ಮೇಲೆ ಮೊದಲೇ ನೆಲೆಸಿದ್ದ ಜೀವಾಣುಗಳೇ. ಬರೀ ಹಾಲು, ಬರೀ ಕಾವು ಸೇರಿದರೆ ನಾವು ಬಯಸುವ ಮೊಸರಾಗುವುದಿಲ್ಲ.

ಬದುಕಿನ ಎಷ್ಟೋ ಸಂಗತಿಗಳಲ್ಲಿ ನಾವು ಕಾವನ್ನು ಮಾತ್ರ ಕೊಂಡು ತರುತ್ತಿದ್ದೇವೆ. ಮಕ್ಕಳಿಗೆ ಒಳ್ಳೆಯ ಶಾಲೆ, ಪುಸ್ತಕ, ಸಂಗೀತದ ತರಗತಿ ಎಲ್ಲವನ್ನೂ ಒದಗಿಸುತ್ತೇವೆ. ಮನೆಯಲ್ಲಿ ಓದುವ ಒಬ್ಬರು, ಹಾಡುವ ಒಬ್ಬರು ಕಣ್ಣೆದುರಿಗೆ ಇಲ್ಲದಿದ್ದರೆ ಆ ಅನುಕೂಲಗಳಿಗೆ ಹೆಪ್ಪು ಬೀಳುವುದು ಕಷ್ಟ. ಅಂಥವರು ಮನೆಯಲ್ಲಿಲ್ಲವೆಂದರೆ ನೆರೆಯಲ್ಲಿ, ನೆಂಟರಲ್ಲಿ ಹುಡುಕಿ ಮಕ್ಕಳನ್ನು ಅವರ ಬಳಿ ಕೂರಿಸುವುದರಲ್ಲಿ ಸಂಕೋಚವೇನೂ ಬೇಡ.

ಯಂತ್ರ ಕೊಳ್ಳುವುದರಲ್ಲಿ ತಪ್ಪಿಲ್ಲ. ಚಳಿನಾಡಿನ ಮನೆಗೆ ಅದು ನಿಜಕ್ಕೂ ಉಪಕಾರಿ. ಮೊಸರು ಬಡಿಸುವ ಮುನ್ನ ಒಂದು ಚಮಚ ಎತ್ತಿಡುವ ಜವಾಬ್ದಾರಿ ಮಾತ್ರ ಮನೆಯವರದು. ಆ ಕೆಲಸವನ್ನು ಮನೆಯ ಮಗುವಿಗೇ ಒಪ್ಪಿಸೋಣ. ತನಗೆ ಸಿಕ್ಕಿದ್ದರಲ್ಲಿ ನಾಳೆಯ ಪಾಲೂ ಇದೆ, ಅದನ್ನು ಕೇಳಿ ಬಂದವರಿಗೂ ಕೊಡಬೇಕು ಎಂಬ ಪಾಠವನ್ನು ಮಗು ದಿನಾ ತನ್ನ ಕೈಯಾರೆ ಕಲಿಯಲಿ.